ಬಿಸಿಲಿನ ಹಾಳೆ ಬೋರ್‌ವೆಲ್ ನೀರಿನ ನೈಟ್ರೇಟ್ ತೆಗೆಯುತ್ತದೆಯೇ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಗೆಲ್ಲ ಬೋರ್‌ವೆಲ್ ನೀರೇ. ಹೋದ ತಿಂಗಳು ಪರೀಕ್ಷೆ ಮಾಡಿಸಿದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 1,120, ಗಡಸುತನ 540, ನೈಟ್ರೇಟ್ 68, ಫ್ಲೋರೈಡ್ 0.9, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಮೈಸೂರಿನಲ್ಲಿ ಒಬ್ಬರು ಬೆಳಕಿನಿಂದ ಕೆಲಸ ಮಾಡುವ ನ್ಯಾನೋ ಫೈಬರ್ ಹಾಳೆ ಮಾರುತ್ತಿದ್ದಾರೆ, ಬೆಲೆ 22,000 ರೂಪಾಯಿ. ಟ್ಯಾಂಕಿನ ಬಾಯಿಗೆ ಕಟ್ಟಿ ಬಿಸಿಲು ಬೀಳೋ ಹಾಗೆ ಬಿಟ್ಟರೆ ಸಾಕು, ಆರ್‌ಒ ಬೇಡ, ಹನಿ ನೀರೂ ಪೋಲಾಗಲ್ಲ ಅಂತಾರೆ. ನೀಲಿ ಬಣ್ಣದ ನೀರು ನನ್ನ ಕಣ್ಣೆದುರೇ ಬೆಳ್ಳಗಾಯಿತು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಎರಡು ತಿಂಗಳು. ಎದೆಹಾಲು ಸಾಲದೆ ಪುಡಿ ಹಾಲು ಕೊಡುತ್ತಿದ್ದೇವೆ, ಬೋರ್ ನೀರನ್ನೇ ಚೆನ್ನಾಗಿ ಕುದಿಸಿ ಕಲಸುತ್ತೇವೆ. ಈ ಹಾಳೆ ಹಾಕಿಸಲಾ? ನನ್ನ ತಮ್ಮನಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ ಇದೆ, ಅವನಿಗೂ ಇದು ಆಗುತ್ತಾ?

ಉತ್ತರ:

ನಮಸ್ಕಾರ. ಹಾಳೆಯ ಮಾತು ಆಮೇಲೆ. ಮೊದಲು ಮಗುವಿನ ವಿಷಯ.

ಆ ಬೋರ್ ನೀರಿನಲ್ಲಿ ಪುಡಿ ಹಾಲು ಕಲಸುವುದನ್ನು ಇವತ್ತೇ ನಿಲ್ಲಿಸಿ. ನಾಳೆಯಿಂದ ಅಂತಲ್ಲ, ಮುಂದಿನ ಬಾಟಲಿಯಿಂದಲೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. 2012ರ ಐಎಸ್ 10500 ಅಂತ ಅದರ ಹೆಸರು. ಗಡಸುತನ, ಟಿಡಿಎಸ್‌ಗೆಲ್ಲ ಅದರಲ್ಲಿ ಸ್ವಲ್ಪ ಸಡಿಲಿಕೆ ಇದೆ, ಬೇರೆ ನೀರು ಸಿಗದಿದ್ದರೆ ಇಷ್ಟರವರೆಗೆ ಪರವಾಗಿಲ್ಲ ಅಂತ. ನೈಟ್ರೇಟ್‌ಗೆ ಆ ಸಡಿಲಿಕೆಯನ್ನೇ ಕೊಟ್ಟಿಲ್ಲ. ನಿಮ್ಮದು 68. ದೊಡ್ಡವರ ಮೈ ಇದನ್ನು ಹೇಗೋ ನಿಭಾಯಿಸುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಆ ಶಕ್ತಿ ಇಲ್ಲ. ಮೈಯೊಳಗೆ ನೈಟ್ರೇಟ್ ನೈಟ್ರೈಟ್ ಆಗುತ್ತದೆ, ಅದು ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಅಂಥದ್ದು ಸ್ವಲ್ಪ ಕಂಡರೂ ಮನೆಮದ್ದು ಅಂತ ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು, ಇದನ್ನು ಎಷ್ಟೋ ಮನೆಗಳಲ್ಲಿ ಉಲ್ಟಾ ತಿಳಿದುಕೊಂಡಿರುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ಸರಿ. ನೈಟ್ರೇಟ್ ಮಾತ್ರ ಹೋಗಲ್ಲ. ಆವಿಯಾಗಿ ಹೋಗುವುದು ಬರೀ ನೀರು, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತದೆ. ಚೆನ್ನಾಗಿ ಕುದಿಸಬೇಕು ಅಂತ ಹತ್ತು ಹದಿನೈದು ನಿಮಿಷ ಒಲೆ ಮೇಲೆ ಬಿಟ್ಟರೆ ಮೊದಲಿಗಿಂತ ಗಟ್ಟಿಯಾದ ನೈಟ್ರೇಟ್ ನೀರು ಮಗುವಿನ ಹೊಟ್ಟೆಗೆ ಹೋಗುತ್ತದೆ. ನೀವು ಪ್ರೀತಿಯಿಂದ ಮಾಡಿದ ಕೆಲಸವೇ ಇದು, ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಕುದಿಸಿದ ನೀರು ಅಂದರೆ ಶುದ್ಧ ನೀರು ಅಂತಲೇ ನಮಗೆಲ್ಲ ಹೇಳಿಕೊಟ್ಟಿರುವುದು, ಅಲ್ವಾ? ಸದ್ಯಕ್ಕೆ ಸೀಲ್ ಮಾಡಿದ ಬಾಟಲಿ ನೀರು ತನ್ನಿ, ಇಲ್ಲವೇ ಚೆನ್ನಾಗಿ ನಡೆಯುತ್ತಿರುವ ಆರ್‌ಒ ನೀರು ತಂದು, ಒಂದೆರಡು ನಿಮಿಷ ಮಾತ್ರ ಮರಳಿಸಿ, ಅದರಲ್ಲಿ ಹಾಲು ಕಲಸಿ. ಎದೆಹಾಲು ಎಷ್ಟು ಬರುತ್ತದೋ ಅಷ್ಟನ್ನು ಕೊಡುತ್ತಾ ಇರಲಿ. ಹಾಲು ಹೆಚ್ಚಿಸುವುದು ಹೇಗೆ ಅಂತ ಡಾಕ್ಟರನ್ನೋ ನರ್ಸಮ್ಮನನ್ನೋ ಕೇಳಲಿ.

ಈಗ ಹಾಳೆಗೆ ಬರುತ್ತೇನೆ. ನಾನು ಮೈಸೂರಿನಲ್ಲಿ ಪ್ರಯೋಗಾಲಯದಲ್ಲಿ ಇಂಥ ಹಾಳೆಗಳನ್ನೇ ಮಾಡಿಕೊಂಡು ವರ್ಷಗಳನ್ನು ಕಳೆದವನು. ಈ ವಿದ್ಯೆಯ ಮೇಲೆ ನನಗೆ ನಂಬಿಕೆ ಇದೆ. ಹಾಗಾಗಿಯೇ ಅದರ ಹೆಸರಿನಲ್ಲಿ ನಿಮ್ಮಂಥವರಿಗೆ ಬೇಡದ ವಸ್ತು ಮಾರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹಾಕಿಸಬೇಡಿ. ಬೆಳಕಿನಿಂದ ಕೆಲಸ ಮಾಡುವ ಹಾಳೆ ಸುಡಬಲ್ಲದ್ದನ್ನು ಮಾತ್ರ ಸುಡುತ್ತದೆ. ನಿಮ್ಮ ನೀರಿನ ದೊಡ್ಡ ತೊಂದರೆ ಸುಡುವಂಥದ್ದಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಈ ಹಾಳೆ ಹೇಗೆ ಆಗುತ್ತದೆ ನೋಡೋಣ. ನಿಮ್ಮ ಕಡೆ ರೇಷ್ಮೆ ಹುಳು ಸಾಕುತ್ತಾರಲ್ಲ, ಹುಳು ಬಾಯಿಂದ ಅಂಟಿನಂಥ ರಸ ಬಿಡುತ್ತದೆ, ತಲೆ ಆಡಿಸುತ್ತಾ ಅದನ್ನು ಎಳೆದಾಗ ಗಟ್ಟಿಯಾಗಿ ನೂಲಾಗುತ್ತದೆ. ನಮ್ಮ ಯಂತ್ರದಲ್ಲಿ ಹುಳುವಿನ ಜಾಗದಲ್ಲಿ ಒಂದು ಸಿರಿಂಜ್ ಇರುತ್ತದೆ. ಅದರೊಳಗೆ ಪ್ಲಾಸ್ಟಿಕ್ ಜಾತಿಯ ವಸ್ತುವನ್ನು ದ್ರಾವಕದಲ್ಲಿ ಕರಗಿಸಿ ತುಂಬುತ್ತೇವೆ. ಸೂಜಿಗೂ ಎದುರಿನ ಲೋಹದ ತಟ್ಟೆಗೂ ನಡುವೆ ಹತ್ತು ಸಾವಿರದಿಂದ ಮೂವತ್ತು ಸಾವಿರ ವೋಲ್ಟ್ ವಿದ್ಯುತ್ ಕೊಡುತ್ತೇವೆ. ಸೂಜಿಯ ತುದಿಯಲ್ಲಿನ ಹನಿ ಶಂಕುವಿನ ಆಕಾರಕ್ಕೆ ಎಳೆದುಕೊಂಡು, ಅದರ ತುದಿಯಿಂದ ಒಂದು ಸಣ್ಣ ಧಾರೆ ಚಿಮ್ಮುತ್ತದೆ. ಆ ಧಾರೆ ಚಾವಟಿ ಬೀಸಿದ ಹಾಗೆ ಸುತ್ತುತ್ತಾ, ದಾರಿಯಲ್ಲೇ ಒಣಗುತ್ತಾ, ತಟ್ಟೆಯ ಮೇಲೆ ಜೇಡರ ಬಲೆಯಂತೆ ಕೂರುತ್ತದೆ. ಆಷಾಢದಲ್ಲಿ ಗಾಳಿಯ ತೇವ ಜಾಸ್ತಿಯಾದಾಗ ಎಳೆ ಸರಿಯಾಗಿ ಒಣಗದೆ ಮಣಿ ಮಣಿಯಾಗಿ ಬೀಳುತ್ತದೆ, ಇಡೀ ದಿನದ ಕೆಲಸ ಹಾಳು. ಇದೇನೂ ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. 1934ರಲ್ಲೇ ಆಂಟನ್ ಫಾರ್ಮ್‌ಹಾಲ್ಸ್ ಎಂಬುವರು ಇದಕ್ಕೆ ಪೇಟೆಂಟ್ ಪಡೆದಿದ್ದರು.

ಎಳೆಯ ದಪ್ಪ ಸುಮಾರು 200 ನ್ಯಾನೋಮೀಟರ್ ಅಂದುಕೊಳ್ಳಿ. ಇಂಥ ಮುನ್ನೂರಕ್ಕೂ ಹೆಚ್ಚು ಎಳೆಗಳನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಒಂದು ತಲೆಗೂದಲಿನ ದಪ್ಪವಾಗುತ್ತದೆ. ಇಷ್ಟು ಸಣ್ಣ ಮಾಡುವುದರ ಲಾಭ ಏನು ಅಂದರೆ ಮೈ ಜಾಸ್ತಿ ಸಿಗುತ್ತದೆ. ಇಂಥ ಒಂದು ಗ್ರಾಂ ಎಳೆಯ ಹೊರಮೈಯನ್ನೆಲ್ಲ ಬಿಡಿಸಿ ಹಾಸಿದರೆ ಹನ್ನೆರಡು ಅಡಿ ಹದಿನಾಲ್ಕು ಅಡಿ ಕೋಣೆಯ ನೆಲದಷ್ಟಾಗುತ್ತದೆ. ಅದೇ ಒಂದು ಗ್ರಾಂ ರೇಷ್ಮೆ ಎಳೆಯದ್ದು ಮೂರು ಚದರ ಅಡಿಯೂ ಆಗುವುದಿಲ್ಲ.

ಆ ಮೈ ಮೇಲೆ ಕೂರಿಸುವುದು ಬೆಳಕು ಬಿದ್ದರೆ ಎಚ್ಚರವಾಗುವ ಪುಡಿಯನ್ನು. ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್, ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿ ಇರುತ್ತದಲ್ಲ, ಅದೇ. ಬೆಳಕು ಬಿದ್ದರೆ ಇದು ನೀರನ್ನೇ ಒಡೆಯುತ್ತದೆ ಎಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ತೋರಿಸಿದರು. ಬೆಳಕಿನ ಹೊಡೆತಕ್ಕೆ ಪುಡಿಯೊಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಮೇಲೇಳುತ್ತದೆ, ಅದು ಎದ್ದ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಎಲೆಕ್ಟ್ರಾನಿನ ಹಸಿವು ಎಷ್ಟೆಂದರೆ ಪಕ್ಕದ ನೀರಿನ ಕಣದಿಂದ ಕಿತ್ತುಕೊಳ್ಳುತ್ತದೆ. ಹಾಗೆ ಕಿತ್ತಾಗ ಹುಟ್ಟುವುದೇ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಕ್ಲೋರಿನ್, ಓಝೋನ್ ಎರಡಕ್ಕಿಂತಲೂ ಇದಕ್ಕೆ ಸುಡುವ ಶಕ್ತಿ ಜಾಸ್ತಿ. ಎದುರಿಗೆ ಸಿಕ್ಕಿದ್ದು ಬಣ್ಣವೋ, ಕೀಟನಾಶಕವೋ, ಮಾತ್ರೆಯ ಔಷಧವೋ, ಬ್ಯಾಕ್ಟೀರಿಯಾದ ಹೊರಗೋಡೆಯೋ, ನೋಡದೆ ಹರಿಯುತ್ತಾ ಹೋಗುತ್ತದೆ. ಕೆಲಸ ಪೂರ್ತಿ ಆದರೆ ಕೊನೆಗೆ ಉಳಿಯುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಇದು ಸುಳ್ಳಲ್ಲ. 2021ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಇಪಿಎಫ್‌ಎಲ್ ಸಂಸ್ಥೆಯಲ್ಲಿ ಲಾಸ್ಲೊ ಫೊರೊ ಅವರ ಗುಂಪು ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ತಂತಿ ಮತ್ತು ಇಂಗಾಲದ ನ್ಯಾನೋ ಕೊಳವೆ ಬೆರೆಸಿ ಫಿಲ್ಟರ್ ಮಾಡಿ, ಬಿಸಿಲಿನ ನೆರವಿನಿಂದ ಇ. ಕೋಲಿ ರೋಗಾಣು ಕೊಂದು ತೋರಿಸಿತು. ನಿಮ್ಮ ಮಾರಾಟಗಾರರು ಇಂಥ ಸುದ್ದಿ ತೋರಿಸಿದ್ದರೆ ಆ ಸುದ್ದಿ ನಿಜವೇ. ಅದರಿಂದ ನಿಮ್ಮ ಮನೆಯ ಟ್ಯಾಂಕಿಗೆ ಜಿಗಿಯುವುದು ನಿಜವಲ್ಲ.

ಯಾಕೆಂದರೆ ಸುಡುವುದು ಅಂದರೆ ಇಂಗಾಲ ಇರುವ ವಸ್ತುವನ್ನು ಒಡೆದು ಆಮ್ಲಜನಕ ಸೇರಿಸುವುದು. ನಿಮ್ಮ ನೀರಿನಲ್ಲಿ ಗಡಸುತನ ತಂದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಲ್ಲಿನಿಂದ ಕರಗಿ ಬಂದವು. ಅವುಗಳಲ್ಲಿ ಸುಡಲು ಏನೂ ಇಲ್ಲ, ಒಲೆಗೆ ಕಲ್ಲು ಹಾಕಿದ ಹಾಗೆ. ಫ್ಲೋರೈಡ್ ಕೂಡ ಹಾಗೇ, ನಿಮ್ಮದು 1ರ ಒಳಗಿದೆ, ಅದರ ಚಿಂತೆ ಬೇಡ. ನೈಟ್ರೇಟ್ ಅಂತೂ ಸಾರಜನಕ ಪೂರ್ತಿ ಆಮ್ಲಜನಕ ಕಟ್ಟಿಕೊಂಡು ಮುಗಿದ ಮೇಲಿನ ರೂಪ, ಅಂದರೆ ಆಗಲೇ ಸುಟ್ಟಾದ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸುಡುವುದು ಹೇಗೆ? ಇಷ್ಟೇ ಅಲ್ಲ, ನೀರಿನಲ್ಲಿ ಅಮೋನಿಯ ಅಥವಾ ಸಾರಜನಕ ಇರುವ ಕೊಳೆ ಇದ್ದರೆ ಈ ಹಾಳೆ ಅದರಲ್ಲಿ ಸ್ವಲ್ಪವನ್ನು ನೈಟ್ರೇಟ್ ಆಗಿಯೇ ತಿರುಗಿಸಿಬಿಡುತ್ತದೆ. ಬೆಳ್ಳಿಯಂಥ ಲೋಹ ಸೇರಿಸಿದ ಪುಡಿಯಿಂದ ಬೆಳಕಿನಲ್ಲಿ ನೈಟ್ರೇಟ್ ಒಡೆಯುವ ಪ್ರಯತ್ನಗಳೂ ನಡೆದಿವೆ, ಆದರೆ ಅಲ್ಲಿ ಪಕ್ಕದಲ್ಲಿ ಫಾರ್ಮಿಕ್ ಆಮ್ಲದಂಥದ್ದನ್ನು ಸೇರಿಸುತ್ತಾರೆ. ಕೂಸು ಕುಡಿಯುವ ನೀರಿಗೆ ಅದು ಬೇಕಾ?

ಇನ್ನು ಆ ನೀಲಿ ನೀರಿನ ಆಟ. ಅದು ಬಹುಶಃ ಮೆಥಿಲೀನ್ ಬ್ಲೂ, ನಾವೂ ಪ್ರಯೋಗಾಲಯದಲ್ಲಿ ಅದನ್ನೇ ಬಳಸುತ್ತೇವೆ, ಅಂತರರಾಷ್ಟ್ರೀಯ ಪರೀಕ್ಷಾ ವಿಧಾನವೂ ಅದರ ಮೇಲೆ ಇದೆ. ಬಣ್ಣ ಹೋಯಿತು ಅಂದ ಮಾತ್ರಕ್ಕೆ ಅದು ಸುಟ್ಟು ಹೋಯಿತು ಅಂತಲ್ಲ. ಮೂರು ಥರ ಹೋಗಬಹುದು. ಬಣ್ಣ ಹಾಳೆಗೆ ಅಂಟಿಕೊಂಡಿರಬಹುದು, ಬಿಳಿ ಪಂಚೆಗೆ ಅರಿಶಿನ ಅಂಟಿದ ಹಾಗೆ. ಇಲ್ಲವೇ ಬಿಸಿಲಿಗೇ ಮಾಸಿರಬಹುದು, ಮಹಡಿ ಮೇಲೆ ಒಣಗಲು ಹಾಕಿದ ಸೀರೆ ಮಾಸುವುದಿಲ್ಲವೇ ಹಾಗೆ. ಅಥವಾ ನಿಜವಾಗಿಯೂ ಹಾಳೆ ಒಡೆದಿರಬಹುದು. ಒಡೆದಿದ್ದರೂ ಬಣ್ಣ ಕೊಡುವ ಒಂದು ಕೊಂಡಿ ಕಡಿದರೆ ಸಾಕು ನೀರು ಬೆಳ್ಳಗೆ ಕಾಣುತ್ತದೆ, ಉಳಿದ ತುಂಡುಗಳು ನೀರಿನಲ್ಲೇ ಇರುತ್ತವೆ. ಅದನ್ನು ತಿಳಿಯಲು ನೀರಿನಲ್ಲಿ ಒಟ್ಟು ಎಷ್ಟು ಇಂಗಾಲ ಉಳಿದಿದೆ ಅಂತ ಅಳೆಯಬೇಕು. ಅವರು ಮತ್ತೆ ಬಂದರೆ ನೀವೇ ಹೇಳಿ: ಮೂರು ಗಾಜಿನ ಲೋಟ ಇಡಿ, ಮೂರರಲ್ಲೂ ಅದೇ ನೀಲಿ ನೀರು ಹಾಕಿ. ಒಂದರಲ್ಲಿ ಹಾಳೆ ಹಾಕಿ ಬಿಸಿಲಿಗೆ, ಇನ್ನೊಂದರಲ್ಲಿ ಹಾಳೆ ಹಾಕಿ ಕತ್ತಲೆ ಕೋಣೆಗೆ, ಮೂರನೆಯದನ್ನು ಹಾಳೆ ಇಲ್ಲದೆ ಬಿಸಿಲಿಗೆ. ಕತ್ತಲಲ್ಲಿಟ್ಟದ್ದೂ ಬೆಳ್ಳಗಾದರೆ ಅದು ಬೆಳಕಿನ ಕೆಲಸವೇ ಅಲ್ಲ, ಬರೀ ಅಂಟಿಕೊಂಡಿದೆ. ಜೊತೆಗೆ ಆ ಪರೀಕ್ಷೆಯನ್ನು ಅವರು ತಂದ ನೀರಿನಲ್ಲಿ ಬೇಡ, ನಿಮ್ಮ ಬೋರ್ ನೀರಿನಲ್ಲಿ ಮಾಡಿಸಿ.

ಈ ಕೊನೆಯ ಮಾತನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ಡಿಸ್ಟಿಲ್ಡ್ ನೀರಿನಲ್ಲಿ ಬಣ್ಣ ಬೆರೆಸಿಟ್ಟರೆ ನಮ್ಮ ಹಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ತಿಳಿ ಮಾಡುತ್ತಿತ್ತು. ಮಂಡ್ಯದ ಹತ್ತಿರದ ಒಂದು ತೋಟದಿಂದ ಕ್ಯಾನಿನಲ್ಲಿ ಬೋರ್ ನೀರು ತಂದು ಅದೇ ಬಣ್ಣ, ಅದೇ ಹಾಳೆ ಹಾಕಿದಾಗ ಸಂಜೆಯಾದರೂ ನೀರು ನೀಲಿಯಾಗೇ ಇತ್ತು. ಮೊದಲು ಹಾಳೆಯೇ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ. ನಮ್ಮ ಕಡೆಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ತುಂಬಾ ಇರುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಆಯಸ್ಸು ಸೆಕೆಂಡಿನ ಕೋಟಿ ಭಾಗಗಳ ಲೆಕ್ಕದ್ದು, ಹುಟ್ಟಿದ ಜಾಗದಿಂದ ಕೂದಲೆಳೆಯ ದಪ್ಪದಷ್ಟು ದೂರವೂ ಹೋಗಲಾರದು. ಅಷ್ಟರೊಳಗೆ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಇಂಥ ನೀರಿನಲ್ಲಿ ಕೀಟನಾಶಕದ ಒಂದು ಕಣಕ್ಕೆ ಬೈಕಾರ್ಬೊನೇಟಿನ ಸಾವಿರಾರು ಕಣ ಸುತ್ತುವರಿದಿರುತ್ತವೆ. ಒಂದೊಂದೂ ನಿಧಾನವೇ, ಆದರೆ ತಲೆ ಎಣಿಕೆಯಲ್ಲಿ ಅವೇ ಗೆಲ್ಲುತ್ತವೆ. ರ‍್ಯಾಡಿಕಲ್ ಅವುಗಳ ಮೇಲೆ ಖರ್ಚಾಗಿ ಹೋಗುತ್ತದೆ, ಸುಡಬೇಕಾದದ್ದು ಹಾಗೇ ಉಳಿಯುತ್ತದೆ. ಇದರ ಮೇಲೆ ಕರೆ ಬೇರೆ. ನಿಮ್ಮ ಗೀಸರ್ ಕಾಯಿಲಿನ ಮೇಲೆ, ನಲ್ಲಿಯ ಬಾಯಲ್ಲಿ ಬಿಳಿ ಕರೆ ಕಟ್ಟುತ್ತದಲ್ಲ, ಅದೇ ಆ ಸಣ್ಣ ಎಳೆಗಳ ಮೇಲೂ ಕೂರುತ್ತದೆ. ಕೂತ ಮೇಲೆ ಬೆಳಕೂ ತಲುಪಲ್ಲ, ನೀರೂ ತಲುಪಲ್ಲ.

ಟ್ಯಾಂಕಿನ ಬಾಯಿಗೆ ಕಟ್ಟುವ ಮಾತು ಇನ್ನೂ ಒಪ್ಪುವಂಥದ್ದಲ್ಲ. ನಾವು ಅಂಗೈಯಗಲದ ಹಾಳೆಯನ್ನು ಒಂದು ಲೋಟ ನೀರಿಗೆ ಗಂಟೆಗಟ್ಟಲೆ ಬಿಡುತ್ತೇವೆ. ನಿಮ್ಮ ಮೋಟರ್ ಹಾಕಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಸಾವಿರ ಲೀಟರ್ ಟ್ಯಾಂಕು ತುಂಬುತ್ತದೆ. ಅಂಥ ಧಾರೆ ಹಾಳೆಯ ಮೇಲೆ ನಿಲ್ಲುವುದು ಒಂದು ಕ್ಷಣ. ಹಾಳೆಯ ಎಳೆಗಳ ನಡುವಿನ ಸಂದು ಅಷ್ಟು ಸಣ್ಣಗಿದ್ದು ರೋಗಾಣು ತಡೆಯುವಂತಿದ್ದರೆ ಆ ಧಾರೆ ಹಾಳೆ ದಾಟುವುದೇ ಇಲ್ಲ, ತುಂಬಿ ಹೊರಗೆ ಚೆಲ್ಲುತ್ತದೆ. ಸಲೀಸಾಗಿ ದಾಟಿತು ಅಂದರೆ ರೋಗಾಣುವೂ ದಾಟಿತು. ಬಿಸಿಲಿನ ಲೆಕ್ಕವೂ ಇದೆ: ಟೈಟಾನಿಯಂ ಡೈಆಕ್ಸೈಡಿಗೆ ಬೇಕಾದದ್ದು ನೇರಳಾತೀತ ಬೆಳಕು, ಬಿಸಿಲಿನ ಒಟ್ಟು ಶಕ್ತಿಯಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು. ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಬೀಳುವ ಸುಮಾರು ಸಾವಿರ ವ್ಯಾಟಿನಲ್ಲಿ ಇದರ ಪಾಲಿಗೆ ಬರುವುದು ನಲವತ್ತು ಐವತ್ತು ವ್ಯಾಟ್. ಕಣ್ಣಿಗೆ ಕಾಣುವ ಬೆಳಕನ್ನೂ ಬಳಸಲಿ ಅಂತ ಸಾರಜನಕ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್, ಕಾರ್ಬನ್ ನೈಟ್ರೈಡ್, ಬಿಸ್ಮತ್ ವನಡೇಟ್ ಇವನ್ನೆಲ್ಲ ಪ್ರಯತ್ನಿಸುತ್ತಿದ್ದಾರೆ, ಕೆಲಸ ನಡೆಯುತ್ತಿದೆ. ಆದರೆ ನೀವು ಬಿಸಿಲಿಗೆಂದು ಟ್ಯಾಂಕಿನ ಮುಚ್ಚಳ ತೆಗೆದಿಟ್ಟರೆ ಮೊದಲು ಬೆಳೆಯುವುದು ಪಾಚಿ, ಆಮೇಲೆ ಸೊಳ್ಳೆ ಮರಿ. ಮುಚ್ಚಳ ತೆಗೆಯಬೇಡಿ.

ಪುಡಿ ನೀರಿಗೆ ಬಿಡುತ್ತದೆಯೇ ಅನ್ನುವುದೂ ಕೇಳಬೇಕಾದ ಪ್ರಶ್ನೆ. ರ‍್ಯಾಡಿಕಲ್‌ಗೆ ಬಣ್ಣ ಬೇರೆ, ಹಾಳೆಯ ಪ್ಲಾಸ್ಟಿಕ್ ಬೇರೆ ಅನ್ನುವ ಭೇದ ಇಲ್ಲ. ತಾನು ಕೂತಿರುವ ಎಳೆಯನ್ನೂ ನಿಧಾನಕ್ಕೆ ತಿನ್ನುತ್ತದೆ. ಅದಕ್ಕೇ ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ನಂಥ ಗಟ್ಟಿ ವಸ್ತು ಬಳಸುತ್ತಾರೆ, ಇಲ್ಲವೇ 500 ಡಿಗ್ರಿ ಆಸುಪಾಸಿನಲ್ಲಿ ಸುಟ್ಟು ಪ್ಲಾಸ್ಟಿಕ್ ತೆಗೆದು ಬರೀ ಪಿಂಗಾಣಿಯಂಥ ಎಳೆ ಉಳಿಸಿಕೊಳ್ಳುತ್ತಾರೆ, ಅದು ಹಪ್ಪಳದ ಹಾಗೆ ಮುರಿಯುತ್ತದೆ. ಎಳೆ ಸವೆದರೆ ಪುಡಿ ಉದುರುತ್ತದೆ. ಟೈಟಾನಿಯಂ ಡೈಆಕ್ಸೈಡನ್ನು ತಿನ್ನುವ ಪದಾರ್ಥದಲ್ಲಿ ಬಿಳಿ ಬಣ್ಣಕ್ಕೆ ಬಳಸುವುದನ್ನು ಯುರೋಪ್ ಒಕ್ಕೂಟ 2022ರಲ್ಲಿ ನಿಲ್ಲಿಸಿದೆ. ಹೆದರಿಸಲು ಹೇಳುತ್ತಿಲ್ಲ. ಆದರೆ ಕುಡಿಯುವ ನೀರಿಗೆ ಹಾಳೆ ಮಾರುವವರು ತಿಂಗಳುಗಟ್ಟಲೆ ಓಡಿಸಿದ ಮೇಲೆ ನೀರಿನಲ್ಲಿ ಟೈಟಾನಿಯಂ ಎಷ್ಟು ಬಂತು ಅನ್ನುವ ವರದಿ ಇಟ್ಟುಕೊಂಡಿರಲೇಬೇಕು. ಕೇಳಿ ನೋಡಿ.

ಹಾಗಾದರೆ ನಿಮಗೆ ಬೇಕಾದದ್ದೇನು? ಕುಡಿಯಲು, ಅಡುಗೆಗೆ ಆರ್‌ಒ. ನೀರು ಪೋಲಾಗುತ್ತದೆ ಅಂತ ಆರ್‌ಒ ಬೈಯುವವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ಹೊಂಗಳ್ಳಿ, ಬೆಳಗೊಳದ ನೀರು ಸರಬರಾಜು ಘಟಕಗಳಿಂದ ಕಾವೇರಿ ನೀರು ನಲ್ಲಿಗೆ ಬರುವ ಮನೆಗಳಲ್ಲೂ ಸುಮ್ನೆ ಆರ್‌ಒ ಹಾಕಿಸಿಕೊಂಡು ಒಳ್ಳೆ ನೀರನ್ನು ಚರಂಡಿಗೆ ಬಿಡುತ್ತಾರೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಿಮ್ಮದು 1,120, ಮೇಲೆ ನೈಟ್ರೇಟ್. ನಿಮ್ಮ ಮನೆಗೆ ಅದು ಅಗತ್ಯ. ನೈಟ್ರೇಟಿನ ಹೆಚ್ಚಿನ ಪಾಲನ್ನು ಅದು ತಡೆಯುತ್ತದೆ, ನೀವು ಹಾಳೆಗೆ ಕೊಡಲಿದ್ದ ದುಡ್ಡಿನೊಳಗೇ ಬರುತ್ತದೆ. ಹಾಕಿಸಿದ ವಾರದಲ್ಲಿ ಆರ್‌ಒ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವುದಾದರೂ ಅಷ್ಟೇ, ಆರ್‌ಒ ಯಂತ್ರದೊಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಹಳತಾಗಿದ್ದರೆ ನೈಟ್ರೇಟ್ ನುಸುಳುತ್ತದೆ. ರುಚಿ ಸಪ್ಪೆ ಇದೆ ಅಂತ ನಂಬಬೇಡಿ. ಹೊರಗೆ ಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಹಾಕಲು ಬಳಸಿ. ಸ್ನಾನಕ್ಕೆ ಬೋರ್ ನೀರೇ ಸಾಕು.

ಕೋಲಿಫಾರ್ಮ್ ಇದೆ ಅಂದರೆ ಮಲದ ಕೊಳೆ ಎಲ್ಲಿಂದಲೋ ಬೋರಿಗೆ ಇಳಿಯುತ್ತಿರಬಹುದು. ಇದನ್ನು ಫಿಲ್ಟರ್ ಹುಡುಕುವ ಮೊದಲು ಹುಡುಕಿ. ಕಕ್ಕಸಿನ ಗುಂಡಿ ಎಷ್ಟು ದೂರ ಇದೆ? ಕೊಟ್ಟಿಗೆಯ ಗಂಜಲ ಎತ್ತ ಹರಿಯುತ್ತದೆ? ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನ ಕಟ್ಟೆ ಇದೆಯಾ, ಮಳೆ ನೀರು ಪೈಪಿನ ಪಕ್ಕದಲ್ಲೇ ಒಳಗಿಳಿಯುತ್ತಿದೆಯಾ? ನೈಟ್ರೇಟಿಗೂ ಇದೇ ಗುಂಡಿ ಒಂದು ಕಾರಣ ಇರಬಹುದು, ಇನ್ನೊಂದು ಕಬ್ಬು, ಭತ್ತಕ್ಕೆ ಸುರಿಯುವ ಯೂರಿಯ. ನಾಲೆ ನೀರು ಧಾರಾಳ ಇರುವ ಕಡೆ ಗದ್ದೆಗೆ ಕಟ್ಟಿದ ನೀರು ಗೊಬ್ಬರವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಯೂರಿಯವನ್ನು ಒಂದೇ ಸಲ ಎರಚುವ ಬದಲು ಮೂರ್ನಾಲ್ಕು ಕಂತಿನಲ್ಲಿ ಕೊಟ್ಟರೆ ಬೆಳೆಗೂ ಲಾಭ, ಬಾವಿಗೂ ಲಾಭ. ಸದ್ಯಕ್ಕೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಒಳ್ಳೆಯ, ಹೊಸ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಮೊದಲು ಚೊಂಬಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಕ್ಲೋರಿನ್ ಆರ್‌ಒ ಮೆಂಬ್ರೇನನ್ನು ಹಾಳು ಮಾಡುತ್ತದೆ, ಹಾಗಾಗಿ ಮುಂದೆ ಕಾರ್ಬನ್ ಫಿಲ್ಟರ್ ಇರುವ ಯಂತ್ರವೇ ಬೇಕು. ಹಾಕುವವರಿಗೆ ಈ ಮಾತು ಮೊದಲೇ ಹೇಳಿ.

ಈಗ ನಿಮ್ಮ ತಮ್ಮನ ವಿಷಯ. ಈ ಹಾಳೆಗೆ ನಿಜವಾದ ಕೆಲಸ ಇರುವುದು ಅಲ್ಲೇ. ಬಣ್ಣ ಅಂದರೆ ಇಂಗಾಲದ ವಸ್ತು, ಸುಡುವಂಥದ್ದು. ಬಣ್ಣದ ಬಾನಿಯ ನೀರಿನಲ್ಲಿ ಬ್ಯಾಕ್ಟೀರಿಯಾದಿಂದಲೂ ಒಡೆಯದ ಬಣ್ಣಗಳಿರುತ್ತವೆ, ಅವನ್ನು ರ‍್ಯಾಡಿಕಲ್ ಒಡೆಯುತ್ತದೆ. ಹಾಗಂತ ಬಾನಿಯ ನೀರನ್ನು ನೇರ ಹಾಳೆಗೆ ಬಿಟ್ಟರೆ ಏನೂ ಆಗಲ್ಲ, ಏಕೆಂದರೆ ಕಡು ಬಣ್ಣದ ನೀರೇ ಬೆಳಕನ್ನು ನುಂಗಿಬಿಡುತ್ತದೆ, ಹಾಳೆಯ ತನಕ ಬೆಳಕು ಹೋಗುವುದೇ ಇಲ್ಲ. ಮೊದಲು ನೀರು ಆರಲಿ, ಆಮೇಲೆ ಸುಣ್ಣ, ಆಲಂ ಹಾಕಿ ಕೆಸರು ಕೂರಿಸಲಿ, ತಿಳಿಯಾದದ್ದನ್ನು ಮರಳಿನಲ್ಲಿ ಸೋಸಲಿ. ಕೊನೆಗೆ ಉಳಿದ ತೆಳು ಬಣ್ಣಕ್ಕೆ ಹಾಳೆ ಅಥವಾ ಪುಡಿ ಲೇಪಿಸಿದ ಗಾಜಿನ ತಟ್ಟೆ, ಅದರ ಮೇಲೆ ತೆಳ್ಳಗೆ ನೀರು ಹರಿಸಿ, ಮತ್ತೆ ಮತ್ತೆ ಸುತ್ತಿಸಬೇಕು. ಬಾಡಿಗೆ ಜಾಗದಲ್ಲಿ ದಿನಕ್ಕೆ ನೂರಾರು ಲೀಟರ್ ಹೀಗೆ ಸುತ್ತಿಸಲು ಎಷ್ಟು ಬಿಸಿಲು, ಎಷ್ಟು ನೆಲ ಬೇಕು ಅನ್ನುವುದೇ ಇವತ್ತಿಗೂ ಬಿಡಿಸದ ಕಷ್ಟ. ಹತ್ತಿಗೆ ಬಣ್ಣ ಹಾಕುವವರಾದರೆ ಉಪ್ಪು ಸುರಿಯುತ್ತಾರೆ, ಆ ಉಪ್ಪನ್ನು ಯಾವ ಬೆಳಕೂ ತೆಗೆಯಲ್ಲ. ರೇಷ್ಮೆಯವರಿಗೆ ಆ ಹೊರೆ ಕಡಿಮೆ, ಅದೊಂದು ಅನುಕೂಲ.

ತಮ್ಮನಿಗೆ ಇನ್ನೂ ಒಂದು ಮಾತು ಹೇಳಿ. ನೀರು ಹೊರಗೆ ಬಿಡಲು 1974ರ ಜಲ ಕಾಯ್ದೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಅಲ್ಲಿ ನೋಡುವುದು ಬರೀ ಬಣ್ಣ ಅಲ್ಲ, ಸಿಒಡಿ, ಬಿಒಡಿ ಎಲ್ಲ. ನೀರಿನ ಕೊಳೆ ಒಡೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗಳಿವು, ಸಿಒಡಿ ರಾಸಾಯನಿಕದಿಂದ ಒಡೆಯಲು, ಬಿಒಡಿ ಬ್ಯಾಕ್ಟೀರಿಯಾ ಒಡೆಯಲು. ಹೊಳೆ, ಕೆರೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ ಸಿಒಡಿ 250, ಬಿಒಡಿ 30 ಮಿಲಿಗ್ರಾಂ. ಹಾಳೆ ಮಾರುವವರು ಬೆಳ್ಳಗಾದ ನೀರಿನ ಫೋಟೊ ತೋರಿಸಿದರೆ ಸಾಲದು, ತಮ್ಮನ ಬಾನಿಯ ನೀರನ್ನೇ ಒಯ್ದು, ಮೊದಲು ಮತ್ತು ಆಮೇಲೆ ಸಿಒಡಿ ಎಷ್ಟು ಅಂತ ಹೊರಗಿನ ಪ್ರಯೋಗಾಲಯದ ವರದಿ ತರಲಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಹೋಗಿ ವಿಚಾರಿಸಲಿ, ಮಕ್ಕಳು ಪ್ರಾಜೆಕ್ಟ್‌ಗೆ ನಿಜವಾದ ಬಣ್ಣದ ನೀರು ಸಿಗದೆ ಅಲೆಯುತ್ತಿರುತ್ತಾರೆ. ಅವನ ಹತ್ತಿರ ನೀರಿದೆ, ಅವರ ಹತ್ತಿರ ಯಂತ್ರ ಇದೆ.

ಬೋರಿನ ಕಟ್ಟೆ ಸರಿ ಮಾಡಿಸಿ, ಗುಂಡಿ ದೂರ ಮಾಡಿದ ಮೇಲೆ ನೀರನ್ನು ಮತ್ತೆ ಪರೀಕ್ಷೆಗೆ ಕೊಡಿ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲೇ ಆಗುತ್ತದೆ. ರೋಗಾಣು ಪರೀಕ್ಷೆಗೆ ಮನೆಯ ಬಾಟಲಿ ಬೇಡ, ಅವರು ಕೊಡುವ ಸ್ಟೆರೈಲ್ ಬಾಟಲಿಯನ್ನೇ ತನ್ನಿ. ಟ್ಯಾಂಕಿನ ನಲ್ಲಿಯಿಂದ ಬೇಡ, ಬೋರಿನ ಪೈಪಿನಿಂದಲೇ ಹಿಡಿಯಿರಿ, ಅದಕ್ಕೂ ಮೊದಲು ನಾಲ್ಕೈದು ನಿಮಿಷ ಮೋಟರ್ ಓಡಲಿ. ಹಿಂದಿನ ಕೆಲವು ದಿನ ಬೋರಿಗೆ ಬ್ಲೀಚಿಂಗ್ ಪೌಡರ್ ಹಾಕಿರಬಾರದು. ತುಂಬಿಸಿದ ಬಾಟಲಿಯನ್ನು ಐಸ್ ಇಟ್ಟ ಡಬ್ಬದಲ್ಲಿ ಅದೇ ದಿನ ತಲುಪಿಸಿ, ಮುಚ್ಚಳದ ಒಳಗಡೆಗೆ ಬೆರಳು ತಾಗಿಸಬೇಡಿ.